ಶಸ್ತ್ರಲಕ್ಷಣ: ಒಂದು ಜಿಜ್ಞಾಸೆ

ತರ್ಕಶಾಸ್ತ್ರದ ಪಾಠಕ್ಕೆ ಕುಳಿತ ವಿದ್ಯಾರ್ಥಿಗೆ ಮೊದಮೊದಲು ಬೇಸರ ತರಿಸುವ ಪ್ರಕರಣವೆಂದರೆ ಲಕ್ಷಣವಿಚಾರ. ಹಸು ಎಂದರೇನು ಎಂದು ಅಲ್ಲಿ ಪ್ರಶ್ನೆ. ಹಸುವನ್ನು ಕಾಣದ ಹುಡುಗ ನಮ್ಮ ಪಾಠಶಾಲೆಗಳಲ್ಲಿ ಒಬ್ಬನೂ ಇರಲಾರ. ಆದರೂ ಗುರುಗಳು ಬಿಡುವುದಿಲ್ಲ. ಕಪಿಲವರ್ಣವುಳ್ಳದ್ದು ಹಸು ಎಂದರೆ ಬಿಳಿಯ ಹಸು, ಕರಿಯ ಹಸುಗಳು ಹೊರಗುಳಿಯುತ್ತವೆ; ಇದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ, ಇದು ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದು ಹಸು ಎಂದರೆ ಆ ಮಾತು ಜಗತ್ತಿನ ಯಾವ ಹಸುವಿಗೂ ಅನ್ವಯಿಸದು, ಇದು ಅಸಂಭವ. ಈ ಮೂರು ದೋಷಗಳಿಲ್ಲದ ಅಸಾಧಾರಣ ಧರ್ಮವೇ ಲಕ್ಷಣ. ಹಸುವಿನ ವಿಷಯದಲ್ಲಿ ಅದು ಸಾಸ್ನೆ, ಎಂದರೆ ಕೊರಳ ಕೆಳಗೆ ಜೋಲುವ ಗಂಗೆದೊಗಲು. ಇಷ್ಟನ್ನು ಕಲಿಯಲು ಒಂದು ವಾರ ಹಿಡಿಯುತ್ತದೆ. ಕಲಿತ ಮೇಲೆ ಇದರಿಂದ ಆದ ಪ್ರಯೋಜನವೇನೆಂದು ಹುಡುಗರು ತಮ್ಮತಮ್ಮಲ್ಲಿ ನಗುತ್ತಾರೆ.

ಆದರೆ ಶಾಸ್ತ್ರದ ಈ ಸಣ್ಣ ಸೂಕ್ಷ್ಮದ ಮೇಲೆ ಮನುಷ್ಯರ ಪ್ರಾಣಗಳೂ ಮನುಷ್ಯರ ಸ್ವಾತಂತ್ರ್ಯವೂ ನಿಂತಿರುವ ಪ್ರಸಂಗವೊಂದು ನಮ್ಮ ಕಾಲದಲ್ಲಿಯೇ ಒದಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮೂವತ್ತೈದು ವರ್ಷಗಳಿಗೂ ಮಿಕ್ಕಿ ಒಂದು ವಿವಾದ ನಡೆದುಬಂದಿದೆ. ‘ಅಸಾಲ್ಟ್ ವೆಪನ್’ ಎಂದು ಅಲ್ಲಿಯ ಕಾನೂನು ಕರೆಯುವ, ನಾವು ಆಕ್ರಮಣಶಸ್ತ್ರ ಎನ್ನಬಹುದಾದ ಒಂದು ಬಗೆಯ ಬಂದೂಕನ್ನು ಸಾಮಾನ್ಯ ಪ್ರಜೆಯ ಕೈಗೆ ಕೊಡಬಾರದೆಂದು ಒಂದು ಪಕ್ಷ. ಅಂಥದೊಂದು ಬಗೆಯೇ ಇಲ್ಲ, ಅದು ರಾಜಕಾರಣಿಗಳು ಕಟ್ಟಿದ ಹೆಸರು ಎಂದು ಇನ್ನೊಂದು ಪಕ್ಷ. ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ ಇಂದು ಆ ದೇಶದಲ್ಲಿ ನೆಲೆಸಿರುವ ಶಿಷ್ಯರು ಹಲವರಿದ್ದಾರೆ. ಅವರ ಮಕ್ಕಳು ಅಲ್ಲಿಯ ಶಾಲೆಗಳಿಗೆ ಹೋಗುತ್ತಾರೆ. ಆದಕಾರಣ ಈ ವಿವಾದವನ್ನು ದೂರದ ಸುದ್ದಿಯೆಂದು ಬದಿಗಿಡುವುದು ನಮಗೆ ಸಾಧ್ಯವಾಗದು. ಇದರ ರಾಜಕೀಯವನ್ನು ಆ ದೇಶದವರಿಗೇ ಬಿಟ್ಟು, ಇದರೊಳಗಿರುವ ಧರ್ಮಜಿಜ್ಞಾಸೆಯನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944ರಲ್ಲಿ, ಜರ್ಮನರು ತಮ್ಮ ಕಾಲಾಳುಗಳಿಗೆ ಹೊಸ ಬಂದೂಕೊಂದನ್ನು ಕೊಟ್ಟು ಅದಕ್ಕೆ ದಾಳಿಯ ಬಂದೂಕು ಎಂಬ ಅರ್ಥದ ಹೆಸರಿಟ್ಟರು. ಒಂದು ಸಣ್ಣ ಕೀಲನ್ನು ತಿರುಗಿಸಿದರೆ ಅದು ಒಂದೊಂದೇ ಗುಂಡನ್ನು ಹಾರಿಸುತ್ತಿತ್ತು. ಮತ್ತೊಂದು ಕಡೆಗೆ ತಿರುಗಿಸಿದರೆ ಕುದುರೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಗುಂಡಿನ ಮಳೆಗರೆಯುತ್ತಿತ್ತು. (ಟ್ರಿಗರ್ ಎಂಬುದನ್ನು ನಮ್ಮ ಕಡೆಯ ಬೇಟೆಗಾರರು ಕುದುರೆ ಎನ್ನುವುದು ವಾಡಿಕೆ.) ಅಮೆರಿಕದಲ್ಲಿ ಆರ್ಮಲೈಟ್ ಎಂಬ ಸಂಸ್ಥೆ 1950ರ ದಶಕದ ಕೊನೆಗೆ ರೂಪಿಸಿದ ಎ.ಆರ್.-15 ಎಂಬ ಬಂದೂಕು ಕೋಲ್ಟ್ ಸಂಸ್ಥೆಯ ಕೈಸೇರಿ, ಸೈನ್ಯಕ್ಕೆ ಎಂ-16 ಆಗಿ ಹೋಯಿತು. ಅದರದೇ ಇನ್ನೊಂದು ರೂಪ, ಮಳೆಗರೆಯುವ ಕೀಲಿಲ್ಲದೆ, ಒಂದು ಒತ್ತಿಗೆ ಒಂದೇ ಗುಂಡು ಹಾರಿ ಮರುಗುಂಡು ತಾನಾಗಿ ಸಿದ್ಧವಾಗುವ ಅರೆಸ್ವಯಂಚಾಲಿತ ರೂಪ, ಪೇಟೆಯಲ್ಲಿ ಪ್ರಜೆಗಳಿಗೆ ಮಾರಾಟವಾಯಿತು. ಎ.ಆರ್. ಎಂಬ ಅಕ್ಷರಗಳು ಅಸಾಲ್ಟ್ ರೈಫಲ್ ಎಂಬುದರ ಸಂಕ್ಷೇಪವಲ್ಲ, ಆರ್ಮಲೈಟ್ ಎಂಬ ಹೆಸರಿನ ಸಂಕ್ಷೇಪ. ಸೈನಿಕರ ಪರಿಭಾಷೆಯಲ್ಲಿ ಅಸಾಲ್ಟ್ ರೈಫಲ್ ಎಂದರೆ ಕೀಲುಳ್ಳದ್ದು; ಕಾನೂನಿನ ಪರಿಭಾಷೆಯಲ್ಲಿ ಅಸಾಲ್ಟ್ ವೆಪನ್ ಎಂದರೆ ಕೀಲಿಲ್ಲದ್ದು. ಒಂದು ಪದದ ಅಂತರದಲ್ಲಿ ಎರಡು ಪದಾರ್ಥಗಳು ಬೆರೆತುಹೋಗಿವೆ. ಅಲ್ಲಿಯ ವಾದಗಳಲ್ಲಿ ಅರ್ಧದಷ್ಟು ಈ ಬೆರಕೆಯಿಂದಲೇ ಹುಟ್ಟಿದವೆಂದು ನಮಗೆ ತೋರುತ್ತದೆ. ಬಂದೂಕು ಉದ್ಯಮದವರು ಅದೇ ವಸ್ತುವಿಗೆ ‘ಆಧುನಿಕ ಕ್ರೀಡಾ ಬಂದೂಕು’ ಎಂಬರ್ಥದ ಹೆಸರನ್ನು ಪ್ರಚಾರಕ್ಕೆ ತಂದರು. ಎರಡು ಹೆಸರುಗಳಲ್ಲಿ ಯಾವುದನ್ನು ಬಾಯಿಗೆ ತಂದರೂ ವಾದಕ್ಕೆ ಮೊದಲೇ ತೀರ್ಪು ಹೇಳಿದಂತಾಗುತ್ತದೆ.

1989ರ ಜನವರಿ 17ರಂದು ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಎಂಬ ಊರಿನ ಪ್ರಾಥಮಿಕ ಶಾಲೆಯ ಆಟದ ಬಯಲಿನಲ್ಲಿ ಒಬ್ಬಾತ ಇಂಥ ಅರೆಸ್ವಯಂಚಾಲಿತ ಬಂದೂಕಿನಿಂದ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಮೀರಿ ಗುಂಡು ಹಾರಿಸಿದ. 5 ಮಕ್ಕಳು ಸತ್ತರು, ಸುಮಾರು 30 ಮಂದಿ ಗಾಯಗೊಂಡರು. ಸತ್ತ ಮಕ್ಕಳು ಕಾಂಬೋಡಿಯ, ವಿಯೆಟ್ನಾಂಗಳ ಯುದ್ಧದಿಂದ ಪಾರಾಗಿ ಆಶ್ರಯ ಅರಸಿ ಬಂದ ಕುಟುಂಬಗಳವು. ಯುದ್ಧವನ್ನು ಬಿಟ್ಟು ಓಡಿಬಂದವರ ಮಕ್ಕಳನ್ನು ಯುದ್ಧದ ಆಯುಧದ ಸೋದರನೇ ಹುಡುಕಿಕೊಂಡು ಬಂತು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿತು. ಆ ಕಾನೂನು ಹಿಡಿದ ದಾರಿ ನಾಮನಿರ್ದೇಶನದ್ದು. ಇಂಥಿಂಥ ಸಂಸ್ಥೆಯ ಇಂಥಿಂಥ ಹೆಸರಿನ ಬಂದೂಕುಗಳು ನಿಷಿದ್ಧ ಎಂದು ಪಟ್ಟಿ ಕೊಟ್ಟಿತು. ತಯಾರಕರು ಹೆಸರು ಬದಲಿಸಿದರು, ಅಲ್ಪಸ್ವಲ್ಪ ಮಾರ್ಪಡಿಸಿದರು, ಮಾರಾಟ ಮುಂದುವರಿಯಿತು.

1994ರ ಸೆಪ್ಟೆಂಬರ್ 13ರಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಾಗ 19 ಹೆಸರುಗಳ ಪಟ್ಟಿಯ ಜೊತೆಗೆ ಲಕ್ಷಣವನ್ನೂ ಹೇಳಿದರು. ಅರೆಸ್ವಯಂಚಾಲಿತವಾಗಿದ್ದು, ಕಳಚಬಹುದಾದ ಮ್ಯಾಗಜೀನ್ ಉಳ್ಳದ್ದಾಗಿ, ಈ ಐದರಲ್ಲಿ ಎರಡಾದರೂ ಇದ್ದರೆ ಆ ಉದ್ದನಳಿಗೆಯ ಬಂದೂಕು ಆಕ್ರಮಣಶಸ್ತ್ರ: ಮಡಚುವ ಅಥವಾ ಹಿಗ್ಗಿಸಿ ಕುಗ್ಗಿಸುವ ಹಿಂಬದಿ, ಕೆಳಗೆ ಎದ್ದು ಕಾಣುವಂತೆ ಚಾಚಿರುವ ಪಿಸ್ತೂಲಿನ ಮಾದರಿಯ ಹಿಡಿ, ಬಯೊನೆಟ್ ಎಂಬ ಈಟಿಯಲಗನ್ನು ಸಿಕ್ಕಿಸುವ ಕೊಂಡಿ, ಬೆಂಕಿಯ ಮಿಂಚನ್ನು ಅಡಗಿಸುವ ಸಾಧನ ಅಥವಾ ಅದಕ್ಕಾಗಿ ತಿರುಪು ಕೊರೆದ ನಳಿಗೆ, ಗ್ರೆನೇಡ್ ಹಾರಿಸುವ ಸಾಧನ. 10ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಹೊಸ ಮ್ಯಾಗಜೀನುಗಳಿಗೂ ನಿಷೇಧ ಬಂತು. ಹಳೆಯವು ಇದ್ದವರ ಬಳಿ ಉಳಿದವು, ಕೈಯಿಂದ ಕೈಗೆ ಮಾರಾಟವೂ ಆದವು. ಹತ್ತು ವರ್ಷಗಳ ಅವಧಿ ಮುಗಿದು 2004ರ ಸೆಪ್ಟೆಂಬರ್ 13ರಂದು ಈ ಕಾನೂನು ತಾನಾಗಿ ತೀರಿಹೋಯಿತು.

ಈ ಲಕ್ಷಣವನ್ನು ನಮ್ಮ ಪಾಠಶಾಲೆಯ ಹುಡುಗನೊಬ್ಬನ ಮುಂದಿಟ್ಟರೆ ಆತ ಏನೆನ್ನುತ್ತಿದ್ದ? ಬಯೊನೆಟ್ ಕೊಂಡಿಯನ್ನೂ ನಳಿಗೆಯ ತಿರುಪನ್ನೂ ಅರದಿಂದ ತೇದುಹಾಕಿದ ಬಂದೂಕು ಮೊದಲಿನಷ್ಟೇ ಗುಂಡುಗಳನ್ನು ಮೊದಲಿನಷ್ಟೇ ವೇಗವಾಗಿ ಹಾರಿಸುತ್ತದೆ. ಆದರೂ ಲಕ್ಷಣದ ಹೊರಗೆ ನಿಂತಿದೆ. ಅವ್ಯಾಪ್ತಿ. ಬೇರೊಂದು ಬಂದೂಕು ಇವೆರಡು ಅಂಗಗಳ ದೆಸೆಯಿಂದ ಮಾತ್ರ ಒಳಗೆ ಸಿಕ್ಕಿಬಿದ್ದಿದೆ. ಹೊರಗಿರುವುದಕ್ಕಿಂತ ಹೆಚ್ಚಿನ ಕೇಡನ್ನೇನೂ ಅದು ಮಾಡಲಾರದು. ಅತಿವ್ಯಾಪ್ತಿ. ಬಯೊನೆಟ್ಟಿನಿಂದ ಚುಚ್ಚಿ ಶಾಲೆಯ ಮಕ್ಕಳನ್ನು ಕೊಂದವರು ಆ ದೇಶದಲ್ಲಿ ಯಾರಿದ್ದಾರೆ? ಕೊಂಬನ್ನು ನೋಡಿ ಹಸುವೆಂದ ಹಾಗಾಯಿತು. ಹೀಗೆಂದು ಆಕ್ಷೇಪಿಸಿದವರು ಅಲ್ಲಿಯ ಬಂದೂಕುಧಾರಿಗಳೇ. ಅವರ ಆಕ್ಷೇಪದಲ್ಲಿ ತರ್ಕದೋಷವಿಲ್ಲವೆಂದು ನಾವು ಒಪ್ಪಲೇಬೇಕು. ಹಿಡಿಯ ಆಕಾರವನ್ನು ನೋಡಿ ಒಬ್ಬ ಮನುಷ್ಯನನ್ನು ಸೆರೆಮನೆಗೆ ಕಳಿಸುವ ಕಾನೂನು, ತನ್ನ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಆ ಮನುಷ್ಯನಿಗೆ ಸಮಾಧಾನ ಹೇಳಲು ಬದ್ಧವಾಗಿದೆ.

ಇಲ್ಲಿಗೆ ವಿಚಾರ ಮುಗಿಯಿತೆಂದು ಆ ಪಕ್ಷದವರು ತಿಳಿಯುತ್ತಾರೆ. ಮುಗಿಯಲಿಲ್ಲ. ಶಾಸ್ತ್ರದ ಹಸುವಿಗೂ ಈ ಬಂದೂಕಿಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಹಸು ತನ್ನ ಲಕ್ಷಣವನ್ನು ಓದುವುದಿಲ್ಲ. ಸಾಸ್ನೆಯುಳ್ಳದ್ದು ಹಸು ಎಂದು ಪಂಡಿತರು ಬರೆದಿಟ್ಟರೆಂದು ಯಾವ ಹಸುವೂ ಮರುದಿನ ತನ್ನ ಗಂಗೆದೊಗಲನ್ನು ಕತ್ತರಿಸಿಕೊಂಡು ಬಂದು, ನಾನೀಗ ಹಸುವಲ್ಲ ಎನ್ನುವುದಿಲ್ಲ. ಸೃಷ್ಟಿಯ ಪದಾರ್ಥಗಳು ಲಕ್ಷಣಕಾರನಿಗೆ ವಂಚನೆ ಮಾಡಲಾರವು. ತಪ್ಪಿದರೆ ಅದು ಆತನದೇ ತಪ್ಪು. ಮನುಷ್ಯ ಮಾಡಿದ ವಸ್ತುವಿನ ಹಿಂದೆ ಅದನ್ನು ಮಾಡಿದವನ ಬುದ್ಧಿಯಿದೆ, ಮಾರುವವನ ಲಾಭವಿದೆ. ಕಾನೂನಿನ ಲಕ್ಷಣವಾಕ್ಯವನ್ನು ಅತ್ಯಂತ ಶ್ರದ್ಧೆಯಿಂದ ಅಧ್ಯಯನ ಮಾಡುವವರು ತಯಾರಕರು ಮತ್ತು ಅವರ ವಕೀಲರು. 1994ರ ಪಟ್ಟಿಯಲ್ಲಿ ಹೆಸರಿದ್ದ ಟೆಕ್-9 ಎಂಬ ಶಸ್ತ್ರದ ತಯಾರಕರು, ನಿಷಿದ್ಧ ಅಂಗವನ್ನು ತೆಗೆದು ಎ.ಬಿ.-10 ಎಂಬ ಹೊಸ ಹೆಸರಿನಲ್ಲಿ ಅದನ್ನು ಮಾರಿದರು. ಆ ಎರಡಕ್ಷರಗಳಿಗೆ ‘ನಿಷೇಧದ ನಂತರ’ ಎಂದೇ ಅರ್ಥವೆಂದು ಎಲ್ಲರೂ ತಿಳಿದಿದ್ದರು. ಕ್ಯಾಲಿಫೋರ್ನಿಯ ಮುಂದೆ ಅಂಗಲಕ್ಷಣಗಳ ಕಾನೂನಿಗೆ ಬಂದಾಗ ಇನ್ನೂ ವಿಚಿತ್ರವಾದ ಪ್ರಸಂಗ ನಡೆಯಿತು. ಉಪಕರಣವಿಲ್ಲದೆ ಕಳಚಲಾಗದ ಮ್ಯಾಗಜೀನು ಕಳಚಬಹುದಾದ ಮ್ಯಾಗಜೀನಲ್ಲ ಎಂದು ಅಲ್ಲಿಯ ನಿಯಮ. ಗುಂಡಿನ ತೋಟೆಯೂ ಉಪಕರಣವೇ ಎಂದು ಅದೇ ನಿಯಮದಲ್ಲಿ ಒಂದು ಮಾತು ಸೇರಿಕೊಂಡಿತ್ತು. ತಯಾರಕರು ಸಣ್ಣ ಕುಳಿಯಿರುವ ಗುಂಡಿಯೊಂದನ್ನು ಜೋಡಿಸಿದರು. ಬೆರಳಿನಿಂದ ಒತ್ತಲಾಗದು, ತೋಟೆಯ ಮೊನೆಯಿಂದ ಒತ್ತಿದರೆ ಮ್ಯಾಗಜೀನು ಕೈಗೆ ಬೀಳುತ್ತದೆ. ಯಾವ ವಸ್ತುವಿನಿಂದ ಪ್ರಜೆಗಳನ್ನು ಕಾಪಾಡಲು ನಿಯಮ ಮಾಡಿದರೋ ಆ ವಸ್ತುವೇ ನಿಯಮದ ಬೀಗಕ್ಕೆ ಕೀಲಿಕೈಯಾಯಿತು. 2016ರಲ್ಲಿ ಮತ್ತೊಂದು ಕಾನೂನು ಮಾಡಿ ಆ ಕಂಡಿಯನ್ನು ಮುಚ್ಚಬೇಕಾಯಿತು.

ಹೀಗಿರುವಾಗ, ಲಕ್ಷಣ ದುಷ್ಟವಾಗಿದೆ ಎಂದು ಹೇಳುವವರಲ್ಲಿ ಎರಡು ಬಗೆಯವರಿದ್ದಾರೆಂಬುದನ್ನು ನಾವು ಗಮನಿಸಬೇಕು. ಲಕ್ಷಣದ ದೋಷದಿಂದ ಅನ್ಯಾಯಕ್ಕೊಳಗಾದ ಸಾಧು ಗೃಹಸ್ಥನ ಬಾಯಲ್ಲಿ ಆ ಮಾತಿಗೆ ಬೆಲೆಯುಂಟು. ಆ ದೋಷವನ್ನು ತಾನೇ ಉಂಟುಮಾಡಿ, ಅದರಿಂದ ಲಾಭ ಪಡೆದು, ಅನಂತರ ಸಭೆಗೆ ಬಂದು ‘ನಿಮ್ಮ ಲಕ್ಷಣದಲ್ಲಿ ಅವ್ಯಾಪ್ತಿ ಇದೆ’ ಎಂದು ನಗುವವನ ಬಾಯಲ್ಲಿ ಅದಕ್ಕೆ ಏನು ಬೆಲೆ? ವಾಕ್ಯ ಒಂದೇ, ವಕ್ತೃಗಳು ಬೇರೆ. ತರ್ಕಶಾಸ್ತ್ರ ವಾಕ್ಯವನ್ನು ಮಾತ್ರ ನೋಡೀತು; ಧರ್ಮಶಾಸ್ತ್ರ ವಕ್ತೃವನ್ನೂ ನೋಡಬೇಕು.

ಆಕಾರವನ್ನು ಬಿಟ್ಟು ಕಾರ್ಯವನ್ನು ಹಿಡಿದು ಲಕ್ಷಣ ಹೇಳಬಾರದೇಕೆ ಎಂದು ಇಲ್ಲಿ ಶಂಕೆ ಏಳುತ್ತದೆ. ಆ ದೇಶದ ಹಳೆಯ ಕಾನೂನು ಹಾಗೆಯೇ ಮಾಡಿದೆ. 1934ರಿಂದಲೂ ಅಲ್ಲಿ ಮೆಷಿನ್ ಗನ್ನಿಗೆ ಲಕ್ಷಣವೆಂದರೆ, ಕುದುರೆಯ ಒಂದೇ ವ್ಯಾಪಾರದಿಂದ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವುದು. 1986ರ ಮೇ ತಿಂಗಳ ಬಳಿಕ ತಯಾರಾದ ಅಂಥವು ಪ್ರಜೆಗಳಿಗೆ ಸಿಗುವಂತಿಲ್ಲ. ನಮ್ಮ ದೇಶದ 1959ರ ಶಸ್ತ್ರ ಅಧಿನಿಯಮವೂ ನಿಷಿದ್ಧ ಶಸ್ತ್ರವನ್ನು ಹೇಳುವಾಗ ಇದೇ ದಾರಿ ಹಿಡಿದಿದೆ: ಕುದುರೆಯ ಮೇಲಿನ ಒತ್ತಡ ಬಿಡುವ ತನಕ, ಅಥವಾ ಮ್ಯಾಗಜೀನು ಬರಿದಾಗುವ ತನಕ ಗುಂಡು ಹಾರುತ್ತಲೇ ಇರುವಂತೆ ರಚಿತವಾದದ್ದು. ಸ್ವಚ್ಛವಾದ ಲಕ್ಷಣಗಳು. ಆದರೆ ಇವಕ್ಕೂ ಪರೀಕ್ಷೆ ಬಂತು.

2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಾಸ್ ನಗರದ ಎತ್ತರದ ಹೋಟೆಲೊಂದರ ಕಿಟಕಿಯಿಂದ ಒಬ್ಬಾತ ಕೆಳಗಿನ ಸಂಗೀತ ಸಭೆಯ ಮೇಲೆ ಸುಮಾರು ಹತ್ತು ನಿಮಿಷಗಳಲ್ಲಿ ಸಾವಿರಕ್ಕೂ ಮೀರಿದ ಗುಂಡುಗಳನ್ನು ಹಾರಿಸಿದ. ಆಮೇಲೆ ಗಾಯದಿಂದ ತೀರಿಕೊಂಡವರೂ ಸೇರಿ 60 ಮಂದಿ ಸತ್ತರು. ಆತನ ಕೈಯಲ್ಲಿದ್ದದ್ದು ಮೆಷಿನ್ ಗನ್ ಅಲ್ಲ. ಅರೆಸ್ವಯಂಚಾಲಿತ ಬಂದೂಕುಗಳಿಗೆ ಬಂಪ್ ಸ್ಟಾಕ್ ಎಂಬ ಹಿಂಬದಿಯನ್ನು ಜೋಡಿಸಿದ್ದ. ಗುಂಡು ಹಾರಿದಾಗ ಬಂದೂಕು ಒದೆಯುತ್ತದಷ್ಟೆ. ಆ ಒದೆತದ ಬಲದಿಂದ ಬಂದೂಕು ಹಿಂದಕ್ಕೂ, ಇನ್ನೊಂದು ಕೈಯ ಒತ್ತಡದಿಂದ ಮುಂದಕ್ಕೂ ಜಾರಿ, ಸ್ಥಿರವಾಗಿ ಹಿಡಿದ ಬೆರಳಿಗೆ ಕುದುರೆಯೇ ಬಂದು ಬಂದು ತಗಲುವಂತೆ ಈ ಸಾಧನ ಮಾಡುತ್ತದೆ. ಬೆರಳು ಕುದುರೆಯನ್ನು ಒತ್ತುವುದಿಲ್ಲ, ಕುದುರೆ ಬೆರಳನ್ನು ಒತ್ತುತ್ತದೆ! ಅದಕ್ಕೆ ಹಿಂದಿನ ಹಲವು ವರ್ಷಗಳ ಕಾಲ ಇದು ಮೆಷಿನ್ ಗನ್ ಅಲ್ಲವೆಂದು ಬರೆದುಕೊಟ್ಟಿದ್ದ ಸರ್ಕಾರಿ ಇಲಾಖೆಯೇ 2018ರಲ್ಲಿ ಇದು ಮೆಷಿನ್ ಗನ್ ಎಂದು ನಿಯಮ ಮಾಡಿತು. 2024ರ ಜೂನ್ 14ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆರು ಮಂದಿಯ ಬಹುಮತದಿಂದ ಆ ನಿಯಮವನ್ನು ತಳ್ಳಿಹಾಕಿತು. ಕುದುರೆಯ ಯಂತ್ರಾಂಗದ ಚಿತ್ರಗಳನ್ನೇ ತೀರ್ಪಿನಲ್ಲಿ ಕೊಟ್ಟು, ಪ್ರತಿ ಗುಂಡಿಗೂ ಕುದುರೆ ಒಮ್ಮೆ ಬಿಟ್ಟು ಒಮ್ಮೆ ಹಿಡಿಯುತ್ತದೆ, ಆದ್ದರಿಂದ ವ್ಯಾಪಾರ ಒಂದಲ್ಲ ಎಂದರು. ಉಳಿದ ಮೂವರು ನ್ಯಾಯಾಧೀಶರು ಮನುಷ್ಯನ ದೃಷ್ಟಿಯಿಂದ ನೋಡಿದರು: ಆತ ಒಮ್ಮೆ ಶುರುಮಾಡುತ್ತಾನೆ, ಗುಂಡುಗಳು ಸುರಿಯುತ್ತವೆ.

ವ್ಯಾಪಾರವೆಂಬುದು ಯಂತ್ರದ್ದೋ, ಯಂತ್ರ ಹಿಡಿದವನದೋ? ಕರ್ತೃ ಯಾರೆಂಬ ಈ ಪ್ರಶ್ನೆ ನಮ್ಮ ವೈಯಾಕರಣರಿಗೂ ಮೀಮಾಂಸಕರಿಗೂ ಹೊಸದಲ್ಲ. ನಮ್ಮ ಮನಸ್ಸು ಆ ಮೂವರ ಕಡೆಗೆ ವಾಲುತ್ತದೆ. ಕ್ರಿಯೆಯನ್ನು ಎಣಿಸುವಾಗ ಕರ್ತೃವಿನಿಂದ ಎಣಿಸಬೇಕೇ ಹೊರತು ಕಬ್ಬಿಣದ ಚೂರಿನಿಂದಲ್ಲ. ಆದರೂ ಬಹುಮತದವರ ಪಕ್ಷದಲ್ಲಿರುವ ಧರ್ಮಸೂಕ್ಷ್ಮವನ್ನು ಅಲ್ಲಗಳೆಯಲಾಗದು. ನೆನ್ನೆ ಇಲಾಖೆಯ ಕಾಗದವನ್ನು ನಂಬಿ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡವನು, ಇಂದು ಅದೇ ಇಲಾಖೆಯ ಇನ್ನೊಂದು ಕಾಗದದಿಂದ ಅಪರಾಧಿಯಾಗುವುದಾದರೆ, ಕಾನೂನನ್ನು ಪಾಲಿಸುವುದೆಂದರೇನು? ನಿಯಮವನ್ನು ಬದಲಿಸಬೇಕಾದ ಸಭೆ ಬದಲಿಸಲಿ ಎಂಬ ಮಾತು ನೇರವಾದದ್ದು. ಆ ಸಭೆ ಬದಲಿಸದೆ ಕುಳಿತಿರುವುದು ಬೇರೆಯ ದೋಷ. 2012ರ ಡಿಸೆಂಬರ್ 14ರಂದು ನ್ಯೂಟೌನ್ ಎಂಬಲ್ಲಿ 20 ಎಳೆಯ ಮಕ್ಕಳೂ 6 ಮಂದಿ ಶಾಲೆಯ ಸಿಬ್ಬಂದಿಯೂ ಹತರಾದ ಮೇಲೆ, ಎರಡರ ಬದಲು ಒಂದೇ ಅಂಗ ಸಾಕೆಂದು ಲಕ್ಷಣವನ್ನು ಬಿಗಿಗೊಳಿಸುವ ಪ್ರಸ್ತಾವ ಬಂತು. 2013ರ ಏಪ್ರಿಲಿನಲ್ಲಿ ಸೆನೆಟ್ ಸಭೆಯಲ್ಲಿ 40 ಮತ ಪರ, 60 ಮತ ವಿರೋಧವಾಗಿ ಬಿದ್ದುಹೋಯಿತು.

2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಇನ್ನೊಂದು ಪ್ರಶ್ನೆ ಶಾಸ್ತ್ರಜ್ಞರಿಗೆ ಇನ್ನೂ ರುಚಿಸೀತು. ಅರೆಬರೆ ಸಿದ್ಧವಾದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡವನು ಮನೆಯಲ್ಲಿ ಕೊರೆದು ಜೋಡಿಸಿಕೊಂಡರೆ ಗುರುತಿನ ಸಂಖ್ಯೆಯೇ ಇಲ್ಲದ ಬಂದೂಕು. ಪೆಟ್ಟಿಗೆಯಲ್ಲಿರುವುದು ಶಸ್ತ್ರವೋ ಅಲ್ಲವೋ? ಏಳು ಮಂದಿ ನ್ಯಾಯಾಧೀಶರು, ಅಂಥ ಕೆಲವಾದರೂ ಶಸ್ತ್ರವೇ ಎಂದರು. ಅಂಗಡಿಯಿಂದ ಬಿಡಿಬಿಡಿಯಾಗಿ ತಂದು ಇನ್ನೂ ಜೋಡಿಸದ ಮೇಜನ್ನೂ ಜನ ಮೇಜೆಂದೇ ಕರೆಯುತ್ತಾರಲ್ಲ ಎಂಬುದು ಅವರು ಕೊಟ್ಟ ದೃಷ್ಟಾಂತ. ಮನುಷ್ಯನಿರ್ಮಿತ ವಸ್ತುವಿನ ಹೆಸರು ಅದರ ಪ್ರಯೋಜನವನ್ನು ಒಳಗೊಂಡಿರುತ್ತದೆ ಎಂಬ ತತ್ತ್ವವನ್ನು ಅವರು ಸ್ಪಷ್ಟವಾಗಿ ಹಿಡಿದಿದ್ದಾರೆ. ಆಕಾರಕ್ಕಿಂತ ಪ್ರಯೋಜನ ಮುಖ್ಯ ಎಂದಾದರೆ, ಲಾಸ್ ವೇಗಾಸಿನ ಸಾಧನಕ್ಕೆ ಮಾತ್ರ ಆ ನ್ಯಾಯ ಏಕೆ ಸಲ್ಲಲಿಲ್ಲವೆಂದು ಕೇಳಬೇಕೆನಿಸುತ್ತದೆ. ಎರಡು ಕಾನೂನುಗಳ ಪದಗಳು ಬೇರೆ ಎಂಬುದು ಅವರ ಉತ್ತರವಾದೀತು. ಇರಲಿ.

ಈ ವಿವಾದದ ನಡುಗಂಬ ಇನ್ನೊಂದಿದೆ. ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಶಸ್ತ್ರ ಇಟ್ಟುಕೊಳ್ಳುವುದನ್ನು ಪ್ರಜೆಯ ಹಕ್ಕೆಂದಿದೆ. ‘ಸಾಮಾನ್ಯ ಬಳಕೆಯಲ್ಲಿರುವ’ ಶಸ್ತ್ರಗಳಿಗೆ ಈ ಹಕ್ಕು ಅನ್ವಯಿಸುತ್ತದೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಎ.ಆರ್.-15ರ ಜಾತಿಯ ಬಂದೂಕುಗಳು ಎರಡು ಕೋಟಿಗೂ ಮಿಕ್ಕಿ ಪ್ರಜೆಗಳ ಮನೆಗಳಲ್ಲಿವೆಯೆಂದು ಬಂದೂಕು ಉದ್ಯಮದವರ ಅಂದಾಜು. ಆದ್ದರಿಂದ ಅದು ಸಾಮಾನ್ಯ, ಆದ್ದರಿಂದ ನಿಷೇಧಿಸಲಾಗದು ಎಂದು ವಾದ. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು. ಏಕೆ ನಿಷೇಧಿಸಲಿಲ್ಲ? ಸಾಮಾನ್ಯವಾಗಿದೆ. ಏಕೆ ಸಾಮಾನ್ಯವಾಯಿತು? ನಿಷೇಧಿಸಿರಲಿಲ್ಲ. ಮೆಷಿನ್ ಗನ್ ಅಸಾಮಾನ್ಯವಾದದ್ದು 1934ರಿಂದ ಅದಕ್ಕೆ ತೆರಿಗೆ, ನೋಂದಣಿಗಳ ಬೇಲಿ ಹಾಕಿದ್ದರಿಂದ. ಹಾಗಾದರೆ ಯಾವ ಹೊಸ ಶಸ್ತ್ರ ಬಂದರೂ ಕಾನೂನು ಕಣ್ಣುಬಿಡುವ ಮೊದಲೇ ಬೇಗ ಬೇಗ ಮಾರಿಬಿಟ್ಟರೆ ಅದು ಹಕ್ಕಾಗಿಬಿಡುತ್ತದೆ. ಸಂಖ್ಯೆ ಧರ್ಮವನ್ನು ಹುಟ್ಟಿಸುವುದಿಲ್ಲ. ಜನ ಬಹಳ ಮಂದಿ ಮಾಡುವುದರಿಂದ ಒಂದು ಕೆಲಸ ಸರಿಯಾಗುವುದಾದರೆ ಶಾಸ್ತ್ರಗಳೂ ಬೇಡ, ನ್ಯಾಯಾಲಯಗಳೂ ಬೇಡ. ಮೇರಿಲ್ಯಾಂಡ್ ರಾಜ್ಯದ ನಿಷೇಧ ಕಾನೂನಿನ ವಿರುದ್ಧದ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಆ ನ್ಯಾಯಾಲಯ 2025ರ ಜೂನಿನಲ್ಲಿ ಒಪ್ಪಲಿಲ್ಲ.

ನಿಷೇಧವನ್ನು ವಿರೋಧಿಸುವವರ ಇನ್ನೊಂದು ಮಾತು ಸತ್ಯವಾದದ್ದು, ಕೇಳಿಸಿಕೊಳ್ಳಬೇಕಾದದ್ದು. ಅಲ್ಲಿ ಬಂದೂಕಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ಪಿಸ್ತೂಲಿನಿಂದ ಆಗುತ್ತವೆ. ಉದ್ದನಳಿಗೆಯ ಎಲ್ಲ ರೈಫಲುಗಳನ್ನು ಒಟ್ಟುಗೂಡಿಸಿದರೂ ಅವುಗಳ ಪಾಲು ತೀರ ಚಿಕ್ಕದು. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಮಿಕ್ಕವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಆಕ್ರಮಣಶಸ್ತ್ರದ ಲಕ್ಷಣವನ್ನು ಎಷ್ಟು ನಿರ್ದುಷ್ಟವಾಗಿ ಹೇಳಿದರೂ ಈ ದುಃಖದ ರಾಶಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ನಿಷೇಧದ ಪಕ್ಷದವರು ಇದನ್ನು ಮರೆಮಾಚುವುದು ಸಲ್ಲದು. ಭಯಂಕರವಾಗಿ ಕಾಣುವ ವಸ್ತುವಿನ ಮೇಲೆ ಸಿಟ್ಟು ತೀರಿಸಿಕೊಂಡು, ದಿಂಬಿನ ಕೆಳಗಿನ ಸಣ್ಣ ಪಿಸ್ತೂಲನ್ನು ಮರೆತು ಸಮಾಧಾನಪಡುವುದು ಮನುಷ್ಯಸ್ವಭಾವ.

ಆದರೆ ಪಾಲು ಚಿಕ್ಕದೆಂಬ ಕಾರಣಕ್ಕೆ ಈ ಬಗೆಯನ್ನು ಬೇರ್ಪಡಿಸಬಾರದೆಂದು ನಾವು ಒಪ್ಪಲಾರೆವು. ಈ ಬಂದೂಕಿನ ಗುಂಡು ಕ್ಷಣಕ್ಕೆ ಸುಮಾರು 900 ಮೀಟರ್ ವೇಗದಿಂದ ಹೊರಡುತ್ತದೆ. ಸಾಮಾನ್ಯ ಪಿಸ್ತೂಲಿನ ಗುಂಡಿನ ವೇಗ ಅದರ ಅರ್ಧಕ್ಕೂ ಕಡಿಮೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಮಡಿಯಾಗುತ್ತದೆಂಬುದು ಹೈಸ್ಕೂಲಿನ ಭೌತಶಾಸ್ತ್ರ. ಪಿಸ್ತೂಲಿನ ಗಾಯದಲ್ಲಿ ಗುಂಡು ಹಾದ ದಾರಿ ಹಾಳಾಗುತ್ತದೆ. ಇದರ ಗಾಯದಲ್ಲಿ ದಾರಿಯ ಸುತ್ತಲಿನ ಮಾಂಸವೂ ಹರಿದುಹೋಗುತ್ತದೆ. ಮಗುವಿನ ಮೈ ಎಷ್ಟಿರುತ್ತದೆ? ಇದಕ್ಕೆ 30 ಗುಂಡಿನ ಮ್ಯಾಗಜೀನು ಸೇರಿದಾಗ, ಒಬ್ಬನ ಕ್ರೋಧಕ್ಕೂ ಹತ್ತಾರು ಜನರ ಸಾವಿಗೂ ನಡುವೆ ಇನ್ನೊಬ್ಬ ಮನುಷ್ಯ ಕೈ ಅಡ್ಡ ತರುವ ಅವಕಾಶವೇ ಉಳಿಯುವುದಿಲ್ಲ. ಕ್ರೋಧ ಎಲ್ಲರಲ್ಲೂ ಇದೆ. ಕ್ರೋಧ ಬಂದವನು ಗುಂಡು ತುಂಬಿಕೊಳ್ಳಲು ನಿಲ್ಲುವ ಆ ಅರೆಕ್ಷಣದಲ್ಲಿ ಓಡಿದ ಮಕ್ಕಳು ಬದುಕಿದ್ದಾರೆ, ಮೇಲೆ ಬಿದ್ದು ಹಿಡಿದವರು ಹಲವರನ್ನು ಉಳಿಸಿದ್ದಾರೆ. ಬಯೊನೆಟ್ ಕೊಂಡಿಯನ್ನೂ ಹಿಡಿಯ ಆಕಾರವನ್ನೂ ಬಿಟ್ಟು, ಒಬ್ಬನು ತಡೆಯಿಲ್ಲದೆ ಎಷ್ಟು ಗುಂಡು, ಎಷ್ಟು ಬಲದಿಂದ ಹಾರಿಸಬಲ್ಲನೆಂಬುದನ್ನೇ ಲಕ್ಷಣವಾಗಿ ಹಿಡಿದರೆ ಅದು ಸಾಸ್ನೆಗೆ ಹತ್ತಿರವಾದ ಲಕ್ಷಣವೆಂದು ನಮ್ಮ ಅಭಿಪ್ರಾಯ. ಅದನ್ನೂ ಜನ ಕತ್ತರಿಸಿ ಬರುತ್ತಾರೆ, ನಿಜ. ಕತ್ತರಿಸಿದರೆ ಕೇಡೂ ಅಷ್ಟು ಕಡಿಮೆಯಾಗುತ್ತದೆ.

ಬೇರೆ ದಾರಿ ಹಿಡಿದ ದೇಶಗಳೂ ಉಂಟು. ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ 1996ರ ಏಪ್ರಿಲ್ 28ರಂದು 35 ಮಂದಿ ಹತರಾದಾಗ ಅಲ್ಲಿಯವರು ಅರೆಸ್ವಯಂಚಾಲಿತ ರೈಫಲುಗಳನ್ನು ಬಹುತೇಕ ಸಾರಾಸಗಟಾಗಿ ತಡೆದು, ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದರು. ಅದಕ್ಕಿಂತ ದೊಡ್ಡ ಮಾತೆಂದರೆ, ಬಂದೂಕು ಏಕೆ ಬೇಕೆಂದು ಕಾರಣ ಹೇಳುವ ಹೊರೆಯನ್ನು ಕೇಳುವವನ ಮೇಲೆ ಹಾಕಿದರು. ಆತ್ಮರಕ್ಷಣೆಯನ್ನು ಕಾರಣವೆಂದು ಒಪ್ಪಲಿಲ್ಲ. ಅಲ್ಲಿ ನಿಷಿದ್ಧವನ್ನು ಹೇಳಬೇಕಾಗಿಲ್ಲ, ವಿಹಿತವನ್ನು ಹೇಳಿದರೆ ಸಾಕು. ಅಮೆರಿಕಕ್ಕೆ ಇದನ್ನು ಹಾಗೆಯೇ ಬೋಧಿಸುವುದು ಸುಲಭ. ಹಕ್ಕಿನ ಮಾತು ಸಂವಿಧಾನದಲ್ಲಿಯೇ ಇರುವಲ್ಲಿ ಹೊರೆ ಸರ್ಕಾರದ ಮೇಲೆಯೇ ಬೀಳುತ್ತದೆ, ಆದ್ದರಿಂದಲೇ ಅವರಿಗೆ ಲಕ್ಷಣದ ಈ ತಾಪತ್ರಯ.

ನಮ್ಮ ನಾಡಿನ ಕಡೆಗೂ ಒಮ್ಮೆ ನೋಡಬೇಕು. ಮಹಾನವಮಿಯಲ್ಲಿ ನಾವು ಆಯುಧಪೂಜೆ ಮಾಡುತ್ತೇವೆ; ಅಂದು ನೇಗಿಲು, ಕುಡುಗೋಲು, ತಕ್ಕಡಿ, ಮಗ್ಗ, ಮೋಟಾರು ಎಲ್ಲವೂ ಆಯುಧ. ಕೊಲ್ಲುವುದಕ್ಕೂ ದುಡಿಯುವುದಕ್ಕೂ ಒಂದೇ ಪದ ಇಟ್ಟ ಭಾಷೆ ನಮ್ಮದು. 1959ರ ನಮ್ಮ ಅಧಿನಿಯಮ ಈ ಎರಡನ್ನು ಬಿಡಿಸಲು ಹೊರಟು, ಮನೆಗೆಲಸಕ್ಕೋ ಬೇಸಾಯಕ್ಕೋ ಮಾತ್ರ ರಚಿತವಾದ ಲಾಠಿ, ಊರುಗೋಲು ಮೊದಲಾದವು ಶಸ್ತ್ರವಲ್ಲವೆಂದಿತು. ಕೊಡಗಿನಲ್ಲಿ ಇನ್ನೊಂದು ಬಗೆ: ಬ್ರಿಟಿಷರ ಕಾಲದಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ವಿಷಯದಲ್ಲಿ ಪರವಾನಗಿಯ ವಿನಾಯಿತಿ ಉಂಟು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಲಕ್ಷಣವನ್ನು ವಸ್ತುವಿನಲ್ಲಿ ಮಾತ್ರವಲ್ಲ, ಅದನ್ನು ಹಿಡಿದ ಜನರ ಪರಂಪರೆಯಲ್ಲಿಯೂ ಹುಡುಕಿದ್ದಾರೆ. ಕೈಲ್‌ಪೋದಿನಂದು ಹೂವಿಟ್ಟು ಕೋವಿಯನ್ನು ಪೂಜಿಸುವ ಮನೆಯಲ್ಲಿ ಅದನ್ನು ಹೇಗೆ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬುದನ್ನು ಹಿರಿಯರು ಕಲಿಸುತ್ತಾರೆ. ಆದರೆ ಇಂಥ ಲಕ್ಷಣ ಇಡೀ ದೇಶಕ್ಕೆ ಹಿಡಿಸದು. ಪರಂಪರೆಯಿಲ್ಲದವನಿಗೆ ಹಕ್ಕೇ ಇಲ್ಲವೆಂದು ಹೇಳಿದಂತಾಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಪತ್ರ ಬರೆದು ಪ್ರಶ್ನೆಯೊಂದನ್ನು ಕೇಳಿದ್ದರು. ಅವರ ರಾಜ್ಯದಲ್ಲಿ ಈ ಬಂದೂಕಿಗೆ ನಿಷೇಧವಿಲ್ಲ. ನೆರೆಹೊರೆಯಲ್ಲಿ ಹಲವರ ಬಳಿ ಇದೆ. ಸುತ್ತಲಿನ ಸುದ್ದಿಗಳಿಂದ ಮನೆಯವರು ಹೆದರಿದ್ದಾರೆ. ಮಗಳ ಶಾಲೆಯಲ್ಲಿ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮಕ್ಕಳು ಗೋಡೆಗೆ ಒತ್ತಿ ಮೌನವಾಗಿ ಕೂರುವ ಅಭ್ಯಾಸ ಮಾಡಿಸುತ್ತಾರೆ. ಕಾನೂನು ಒಪ್ಪಿರುವಾಗ ಒಂದನ್ನು ಕೊಂಡಿಟ್ಟುಕೊಳ್ಳುವುದು ಗೃಹಸ್ಥಧರ್ಮಕ್ಕೆ ವಿರುದ್ಧವೇ ಎಂದು ಅವರ ಪ್ರಶ್ನೆ. ಮನೆಯನ್ನು ಕಾಯುವುದು ಗೃಹಸ್ಥನ ಧರ್ಮವೇ ಎಂದು ಉತ್ತರ ಬರೆದೆವು. ಜೊತೆಗೆ ಇದನ್ನೂ ಬರೆದೆವು: ಕಾನೂನಿನ ಪಟ್ಟಿಯಲ್ಲಿ ಅದು ಒಳಗಿದೆಯೋ ಹೊರಗಿದೆಯೋ ಎಂಬುದು ಪೊಲೀಸರು ಕೇಳುವ ಪ್ರಶ್ನೆ, ನೀವು ಕೇಳಿಕೊಳ್ಳಬೇಕಾದದ್ದಲ್ಲ. ಆ ವಸ್ತುವನ್ನು ಯಾವ ಕೆಲಸಕ್ಕಾಗಿ ರೂಪಿಸಿದರೆಂಬುದನ್ನು ಮೊದಲು ತಿಳಿದುಕೊಳ್ಳಿ. ಅನಂತರ ಹೊರಗಿನಿಂದ ಬರುವ ಕಳ್ಳನನ್ನು ಮಾತ್ರವಲ್ಲ, ಆ ಮನೆಯಲ್ಲಿಯೇ ಇರುವವರನ್ನೂ, ಅವರ ಅತ್ಯಂತ ಕೆಟ್ಟ ಗಳಿಗೆಯನ್ನೂ ನೆನೆಯಿರಿ. ಆ ದೇಶದ ಸಾವಿನ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಆ ಗಳಿಗೆಯವು. ಇವೆರಡನ್ನೂ ನೋಡಿದರೆ ಕೊಳ್ಳದಿರುವುದೇ ಮೇಲೆಂದು ನಮಗೆ ತೋರುತ್ತದೆ.

ಅವರು ಮತ್ತೆ ಬರೆದರು. ಪಕ್ಕದ ಮನೆಯ ಹಿರಿಯರು ಇಂಥ ಬಂದೂಕುಗಳನ್ನು ಇಟ್ಟುಕೊಂಡಿದ್ದಾರೆ. ಅತ್ಯಂತ ಸಜ್ಜನರು, ಹಿಮ ಬಿದ್ದಾಗ ಇವರ ಬಾಗಿಲ ಹಿಮವನ್ನೂ ಅವರೇ ಎತ್ತಿಹಾಕುತ್ತಾರೆ. ಅವರ ಮನೆಯ ಊಟದ ಕರೆಗೆ ಹೋಗಬಹುದೇ, ಮಕ್ಕಳನ್ನು ಕಳಿಸಬಹುದೇ ಎಂದು ಕೇಳಿದ್ದರು. ಅವಶ್ಯವಾಗಿ ಹೋಗಿರೆಂದೂ, ಬಂದೂಕುಗಳನ್ನು ಬೀಗದೊಳಗೆ ಇಟ್ಟಿದ್ದೀರಾ ಎಂದು ಮಕ್ಕಳನ್ನು ಕಳಿಸುವ ಮೊದಲು ಸಂಕೋಚವಿಲ್ಲದೆ ಕೇಳಿರೆಂದೂ, ಸಜ್ಜನರಾದ ಅವರು ಅದಕ್ಕೆ ಬೇಸರಪಡಲಾರರೆಂದೂ ಬರೆದು ಕಳಿಸಿದ್ದೇವೆ.